ಉಬುಂಟು ಸರ್ವರ್‌ಗೆ ಹೊರಗಿನ ರೆಪೊಸಿಟರಿ ಸೇರಿಸುವಾಗ

ದಾವಣಗೆರೆಯ ಕಾಲೇಜು ಲ್ಯಾಬ್ ಇರಲಿ, ಎಪಿಎಂಸಿ ಹತ್ತಿರದ ಬಿಲ್ಲಿಂಗ್ ಆಫೀಸಿರಲಿ, ಚನ್ನಗಿರಿ ಕಡೆಯ ಅಡಿಕೆ ಮಂಡಿ ಇರಲಿ, ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್ ಕೂತಿದ್ದರೆ ಇವತ್ತಲ್ಲ ನಾಳೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಉಬುಂಟು ಕೊಡುವ ಆವೃತ್ತಿ ಹಳೆಯದು, ನಮ್ಮ ಸಾಫ್ಟ್‌ವೇರ್‌ಗೆ ಹೊಸದು ಬೇಕು, ಏನು ಮಾಡೋಣ? ನೆಟ್‌ನಲ್ಲಿ ಹುಡುಕಿದರೆ ಹೊರಗಿನವರ ರೆಪೊಸಿಟರಿಯನ್ನು, ಅಂದರೆ ಅವರ ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಸಂಗ್ರಹವನ್ನು, ಸೇರಿಸುವ ನಾಲ್ಕು ಸಾಲಿನ ಕಮಾಂಡ್ ಸಿಗುತ್ತದೆ. ಪೇಸ್ಟ್ ಮಾಡಿದರೆ ಕೆಲಸವೂ ಆಗುತ್ತದೆ. ಆದರೆ ಆ ನಾಲ್ಕು ಸಾಲಿನಲ್ಲಿ ನಾವು ಏನು ಒಪ್ಪಿಕೊಂಡೆವು ಅನ್ನುವುದು ಗೊತ್ತಿರಲೇಬೇಕು. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಅದರೊಳಗಿನ ಸ್ಕ್ರಿಪ್ಟ್‌ಗಳು ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲೇ ಓಡುತ್ತವೆ. ಹಾಗಾಗಿ ರೆಪೊಸಿಟರಿ ಸೇರಿಸುವುದೆಂದರೆ ಅದನ್ನು ನಡೆಸುವವರಿಗೆ ನಮ್ಮ ಸರ್ವರ್ ಮೇಲೆ ಪೂರ್ತಿ ಅಧಿಕಾರ ಕೊಡುವುದು, ಅದೂ ಪ್ರತಿ ಅಪ್‌ಡೇಟ್‌ಗೂ. ಆ ಅಧಿಕಾರವನ್ನು ಎಷ್ಟು ಬೇಕೋ ಅಷ್ಟಕ್ಕೆ ಕಟ್ಟಿಹಾಕುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಉದಾಹರಣೆಗೆ ಉಬುಂಟು 24.04 ತೆಗೆದುಕೊಳ್ಳೋಣ. ಇದರ ಸ್ವಂತ ರೆಪೊಸಿಟರಿಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 16ನೇ ಆವೃತ್ತಿ ಇದೆ. ನಮಗೆ 17 ಬೇಕು, ಅದು ಪೋಸ್ಟ್‌ಗ್ರೆಸ್‌ನವರೇ ನಡೆಸುವ ರೆಪೊಸಿಟರಿಯಲ್ಲಿ ಸಿಗುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.

ಮೊದಲು ಗಡಿಯಾರ ನೋಡಿ

ಯಾವ ಗೈಡಿನಲ್ಲೂ ಮೊದಲ ಹೆಜ್ಜೆಯಾಗಿ ಇದು ಕಾಣುವುದಿಲ್ಲ, ಆದರೆ ನಮ್ಮ ಕಡೆ ಇದೇ ಮೊದಲು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಹಳೆಯ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಸರ್ವರ್ ಎದ್ದಾಗ ತಾರೀಖು ಹಿಂದಕ್ಕೆ ಹೋಗಿರಬಹುದು. ಆಗ ಎಚ್‌ಟಿಟಿಪಿಎಸ್ ರೆಪೊಸಿಟರಿಗಳು ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಎಂದು ನಿರಾಕರಿಸುತ್ತವೆ. ಉಬುಂಟುವಿನ ಸ್ವಂತ ರೆಪೊಸಿಟರಿ 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಅನ್ನುತ್ತದೆ. ಜನ ನೆಟ್‌ವರ್ಕ್ ಮೇಲೆ ಅನುಮಾನಪಟ್ಟು ರೌಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂರುತ್ತಾರೆ.

'ಟೈಮ್‌ಡೇಟ್‌ಸಿಟಿಎಲ್' ಅಂತ ಹೊಡೆದು ಮೂರು ಸಾಲು ಓದಿ: ಲೋಕಲ್ ಟೈಮ್ ಸರಿ ಇದೆಯೇ, ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್ ಎದುರು 'ಯೆಸ್' ಇದೆಯೇ, ಆರ್‌ಟಿಸಿ ಇನ್ ಲೋಕಲ್ ಟೀಝಡ್ ಎದುರು 'ನೋ' ಇದೆಯೇ. ಈ ಕೊನೆಯ ಸಾಲು ಲ್ಯಾಬ್‌ಗಳಲ್ಲಿ ಕೈಕೊಡುತ್ತದೆ. ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ (ಆರ್‌ಟಿಸಿ ಅಂದರೆ ಇದೇ) ಭಾರತದ ಸಮಯ ಬರೆಯುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ ಬರೆಯುತ್ತದೆ. ಎರಡೂ ಇರುವ ಯಂತ್ರದಲ್ಲಿ ಸಮಯ ಸರಿಯಾಗಿ 5 ಗಂಟೆ 30 ನಿಮಿಷ ಆಚೀಚೆ ಆಗುತ್ತದೆ. ಎರರ್‌ನಲ್ಲಿ 'ಇನ್ನೂ 5 ಗಂಟೆ ಚಿಲ್ಲರೆ ಅಮಾನ್ಯ' ಅನ್ನುವ ಅರ್ಥದ ಸಾಲು ಕಂಡರೆ ಕಾರಣ ಇದೇ ಇರಬಹುದು.

ಸಿಂಕ್ ಆಗುತ್ತಲೇ ಇಲ್ಲ ಅಂದರೆ ಫೈರ್‌ವಾಲ್‌ನಲ್ಲಿ ಯುಡಿಪಿ 123 ಪೋರ್ಟ್ ಮುಚ್ಚಿರಬಹುದು. ಕ್ಯಾಂಪಸ್‌ಗಳಲ್ಲಿ 80 ಮತ್ತು 443 ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಡುವುದುಂಟು. ಅದು ತೆರೆಯುವವರೆಗೆ ಕೈಯಿಂದಲೇ ಸಮಯ ಇಡಿ: ಮೊದಲು 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಫಾಲ್ಸ್', ಆಮೇಲೆ 'ಸೆಟ್-ಟೈಮ್'. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋದರೆ ಅದು ಒಪ್ಪುವುದೇ ಇಲ್ಲ. ಬ್ಯಾಟರಿ ಬದಲಿಸುವುದನ್ನು ಮಾತ್ರ ಮುಂದೂಡಬೇಡಿ.

ಕೀ: ತರುವುದು, ನೋಡುವುದು, ಒಂದಕ್ಕೇ ಕಟ್ಟುವುದು

ರೆಪೊಸಿಟರಿ ನಡೆಸುವವರು ತಮ್ಮ ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಹಾಕಿರುತ್ತಾರೆ. ಆ ಸಹಿಯನ್ನು ಪರೀಕ್ಷಿಸಲು ಆಪ್ಟ್‌ಗೆ, ಅಂದರೆ ಉಬುಂಟುವಿನ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಸಾಧನಕ್ಕೆ, ಬೇಕಾದ ಫೈಲೇ ಕೀ. ಹಳೆಯ ಗೈಡ್‌ಗಳಲ್ಲಿ 'ಆಪ್ಟ್-ಕೀ ಆಡ್' ಎಂದಿರುತ್ತದೆ. ಅದನ್ನು ಬಳಸಬೇಡಿ. ಹಾಗೆ ಸೇರಿಸಿದ ಕೀಯನ್ನು ಸರ್ವರ್ ಎಲ್ಲ ರೆಪೊಸಿಟರಿಗಳಿಗೂ ನಂಬುತ್ತದೆ. ಡೇಟಾಬೇಸ್‌ಗೆಂದು ಕೊಟ್ಟ ಕೀಯಿಂದ ಸಹಿ ಮಾಡಿ ಯಾರಾದರೂ ಉಬುಂಟುವಿನ ಕರ್ನಲ್ ಪಟ್ಟಿಯನ್ನೇ ಬದಲಿಸಿದರೂ ಆಪ್ಟ್ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಡೆಬಿಯನ್ 13ರಲ್ಲಂತೂ ಆ ಕಮಾಂಡನ್ನೇ ತೆಗೆದಿದ್ದಾರೆ.

ಈಗಿನ ಕ್ರಮ ಹೀಗೆ. ಕೀ ಫೈಲನ್ನು '/ಈಟಿಸಿ/ಆಪ್ಟ್/ಕೀರಿಂಗ್ಸ್' ಫೋಲ್ಡರ್‌ಗೆ ಇಳಿಸಿಕೊಳ್ಳಿ. ಕರ್ಲ್ ಬಳಸುವಾಗ '-ಎಫ್' ಆಯ್ಕೆ ಬಿಡಬೇಡಿ. ಅದಿಲ್ಲದಿದ್ದರೆ ವಿಳಾಸ ತಪ್ಪಿದಾಗ ಬರುವ 404 ಪುಟವೇ ಕೀ ಹೆಸರಿನಲ್ಲಿ ಸೇವ್ ಆಗಿ ಕೂರುತ್ತದೆ. ಇಳಿಸಿದ ಮೇಲೆ 'ಜಿಪಿಜಿ --ಶೋ-ಕೀಸ್' ಕೊಟ್ಟು ಬೆರಳಚ್ಚು ನೋಡಿ. ಪೋಸ್ಟ್‌ಗ್ರೆಸ್ ರೆಪೊಸಿಟರಿಯ ಕೀ 'ಎಸಿಸಿಸಿ4ಸಿಎಫ್8' ಎಂದು ಮುಗಿಯುತ್ತದೆ. ಕೊನೆಯ ಎಂಟು ಅಕ್ಷರ ಗುರುತಿಗೆ ಮಾತ್ರ, ಅಷ್ಟನ್ನೇ ಹೋಲುವ ನಕಲಿ ಕೀ ಮಾಡುವುದು ಕಷ್ಟವಲ್ಲ. ಪೂರ್ತಿ 40 ಅಕ್ಷರವನ್ನು ಅವರ ಅಧಿಕೃತ ಪುಟದಲ್ಲಿರುವುದರ ಜೊತೆ ಹೋಲಿಸಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಕೀ ಓದಬಲ್ಲ ಅಕ್ಷರಗಳಲ್ಲಿದ್ದರೆ, ಅಂದರೆ 'ಬಿಗಿನ್ ಪಿಜಿಪಿ' ಎಂದು ಶುರುವಾದರೆ, ಫೈಲ್ ಹೆಸರು '.ಎಎಸ್‌ಸಿ' ಎಂದು ಮುಗಿಯಬೇಕು. ಬೈನರಿ ಆಗಿದ್ದರೆ '.ಜಿಪಿಜಿ'. ಅದಲು ಬದಲಾದರೆ ಆಪ್ಟ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, 'ನೋ ಪಬ್‌ಕೀ' ಎಂದು ದೂರುತ್ತದೆ. ಎರಡನೆಯದು ಅನುಮತಿ. ರೂಟ್‌ನ ಯುಮಾಸ್ಕ್ (ಹೊಸ ಫೈಲ್‌ಗಳ ಅನುಮತಿ ನಿರ್ಧರಿಸುವ ಸಂಖ್ಯೆ) 077 ಇದ್ದರೆ ಕೀ ಫೈಲ್ 600 ಆಗಿ ಬರುತ್ತದೆ. ಆಪ್ಟ್ ಸಹಿ ಪರೀಕ್ಷಿಸುವುದು '_ಆಪ್ಟ್' ಅನ್ನುವ ಅಧಿಕಾರವಿಲ್ಲದ ಬಳಕೆದಾರನಾಗಿ, ಅವನಿಗೆ ಆ ಫೈಲ್ ಓದಲಾಗುವುದಿಲ್ಲ. ಫೋಲ್ಡರ್‌ಗೆ 755, ಫೈಲ್‌ಗೆ 644 ಕೊಡಿ.

ಇನ್ನು ಸೋರ್ಸ್ ಫೈಲ್. 24.04ರಿಂದ ಉಬುಂಟು ತನ್ನ ಪಟ್ಟಿಯನ್ನೂ ಹೊಸ ಶೈಲಿಯಲ್ಲೇ ಇಡುತ್ತದೆ, ಹಳೆಯ 'ಸೋರ್ಸಸ್.ಲಿಸ್ಟ್' ಫೈಲ್ ತೆರೆದರೆ ಬರೀ ಒಂದು ಸೂಚನೆ ಕಾಣುತ್ತದೆ. '/ಈಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ' ಒಳಗೆ '.ಸೋರ್ಸಸ್' ಎಂದು ಮುಗಿಯುವ ಒಂದು ಫೈಲ್ ಮಾಡಿ ಐದು ಸಾಲು ಬರೆಯಿರಿ:

ಟೈಪ್ಸ್: ಡೆಬ್
ಯುಆರ್‌ಐಸ್: ರೆಪೊಸಿಟರಿಯ ವಿಳಾಸ
ಸೂಟ್ಸ್: ನೋಬಲ್-ಪಿಜಿಡಿಜಿ
ಕಾಂಪೊನೆಂಟ್ಸ್: ಮೇನ್
ಸೈನ್ಡ್-ಬೈ: ಕೀ ಫೈಲಿನ ಪೂರ್ತಿ ಹಾದಿ

ಐದನೆಯ ಸಾಲೇ ಇಲ್ಲಿನ ಜೀವಾಳ. ಈ ಕೀ ಈ ರೆಪೊಸಿಟರಿಗೆ ಮಾತ್ರ, ಬೇರೆ ಯಾವುದಕ್ಕೂ ಅಲ್ಲ ಎಂದು ಕಟ್ಟುವುದು ಅದೇ. ಸಾಲುಗಳ ನಡುವೆ ಖಾಲಿ ಸಾಲು ಬಿಡಬೇಡಿ, ಖಾಲಿ ಸಾಲು ಬಂದರೆ ಆಪ್ಟ್ ಅದನ್ನು ಹೊಸ ರೆಪೊಸಿಟರಿಯ ಆರಂಭ ಎಂದುಕೊಳ್ಳುತ್ತದೆ. ಹಿಂದೆ ಯಾರಾದರೂ ಇದೇ ರೆಪೊಸಿಟರಿಯನ್ನು ಹಳೆಯ ಶೈಲಿಯಲ್ಲಿ ಸೇರಿಸಿದ್ದರೆ ಆ ಫೈಲ್ ಅಳಿಸಿ. ಒಂದೇ ವಿಳಾಸಕ್ಕೆ ಎರಡು ಬೇರೆ ಕೀ ಕಂಡರೆ 'ಕಾನ್‌ಫ್ಲಿಕ್ಟಿಂಗ್ ವ್ಯಾಲ್ಯೂಸ್' ಎಂದು ಆಪ್ಟ್ ಪೂರ್ತಿ ನಿಂತುಬಿಡುತ್ತದೆ, ಉಬುಂಟುವಿನ ಸ್ವಂತ ಅಪ್‌ಡೇಟ್ ಕೂಡ ಬರುವುದಿಲ್ಲ.

ಸೂಟ್ ಅಂದರೆ ಯಾವ ಉಬುಂಟು ಆವೃತ್ತಿಗೆ ಎಂದು ಹೇಳುವ ಹೆಸರು. ಅದನ್ನು ಗೈಡ್‌ಗಳು 'ಎಲ್‌ಎಸ್‌ಬಿ_ರಿಲೀಸ್ -ಸಿಎಸ್' ಕಮಾಂಡಿನಿಂದ ತರುತ್ತವೆ. ಉಬುಂಟುವಿನಲ್ಲಿ ಸರಿ. ಉಬುಂಟು ಆಧಾರಿತ ಲಿನಕ್ಸ್ ಮಿಂಟ್ 22ರಲ್ಲಿ ಅದು 'ವಿಲ್ಮಾ' ಅನ್ನುತ್ತದೆ, ಆ ಹೆಸರಿನ ಸೂಟ್ ಹೊರಗಿನ ರೆಪೊಸಿಟರಿಗಳಲ್ಲಿ ಇರುವುದಿಲ್ಲ, 'ಡಸ್ ನಾಟ್ ಹ್ಯಾವ್ ಎ ರಿಲೀಸ್ ಫೈಲ್' ಎಂಬ ಎರರ್ ಬರುತ್ತದೆ. ಅಂಥ ಕಡೆ '/ಈಟಿಸಿ/ಓಎಸ್-ರಿಲೀಸ್' ಫೈಲಿನಲ್ಲಿ 'ಉಬುಂಟು_ಕೋಡ್‌ನೇಮ್' ಎದುರು ಇರುವ ಹೆಸರು ಬಳಸಿ. ಸರಿಯಾಗೇ ಇದ್ದ ಹೆಸರಿಗೂ ಇದೇ ಎರರ್ ಬಂದರೆ ನಿಮ್ಮ ಉಬುಂಟು ಆವೃತ್ತಿಯ ಅವಧಿ ಮುಗಿದು, ರೆಪೊಸಿಟರಿಯವರು ಅದನ್ನು ಆರ್ಕೈವ್‌ಗೆ ಸಾಗಿಸಿರಬಹುದು.

ಆದ್ಯತೆ: ಬೇಕಾದ್ದು ಮಾತ್ರ ಒಳಗೆ ಬರಲಿ

ಈ ಭಾಗವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನನ್ನ ಪ್ರಕಾರ ಇದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಆಪ್ಟ್ ಎಲ್ಲ ರೆಪೊಸಿಟರಿಗಳಿಗೂ ಸಾಮಾನ್ಯವಾಗಿ 500 ಆದ್ಯತೆ ಕೊಡುತ್ತದೆ. ಸಮ ಆದ್ಯತೆ ಇದ್ದರೆ ಯಾವುದರ ಆವೃತ್ತಿ ಸಂಖ್ಯೆ ದೊಡ್ಡದೋ ಅದೇ ಗೆಲ್ಲುತ್ತದೆ. ಅಂದರೆ ನೀವು ಡೇಟಾಬೇಸ್ ಒಂದಕ್ಕೇ ಸೇರಿಸಿದ ರೆಪೊಸಿಟರಿಯಲ್ಲಿ ಬೇರೇನೋ ಲೈಬ್ರರಿ ಹೊಸದಾಗಿದ್ದರೆ, ಮುಂದಿನ ಅಪ್‌ಗ್ರೇಡ್‌ನಲ್ಲಿ ಅದೂ ಬಂದು ಕೂರುತ್ತದೆ. ತಡೆಯಲು '/ಈಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ' ಒಳಗೆ ಒಂದು ಫೈಲ್ ಮಾಡಿ, ಎರಡು ನಿಯಮ ಬರೆಯಿರಿ. ಮೊದಲನೆಯದು: ಪ್ಯಾಕೇಜ್ ಎದುರು ನಕ್ಷತ್ರ ಚಿಹ್ನೆ, ಪಿನ್ ಎದುರು 'ಒರಿಜಿನ್' ಮತ್ತು ರೆಪೊಸಿಟರಿಯ ಹೋಸ್ಟ್ ಹೆಸರು, ಪಿನ್-ಪ್ರಯಾರಿಟಿ ಎದುರು 100. ಒಂದು ಖಾಲಿ ಸಾಲು ಬಿಟ್ಟು ಎರಡನೆಯದು: ಪ್ಯಾಕೇಜ್ ಎದುರು 'ಪೋಸ್ಟ್‌ಗ್ರೆಸ್‌ಕ್ಯೂಎಲ್*' ಮತ್ತು 'ಲಿಬ್‌ಪಿಕ್ಯೂ*', ಅದೇ ಪಿನ್, ಆದ್ಯತೆ 500. ಲೈಬ್ರರಿ ಹೆಸರನ್ನು ಮರೆತರೆ 'ಅನ್‌ಮೆಟ್ ಡಿಪೆಂಡೆನ್ಸೀಸ್' ಎರರ್ ಬರುತ್ತದೆ. ಹೊಸ ಡೇಟಾಬೇಸ್‌ಗೆ ಹೊಸ ಲೈಬ್ರರಿಯೇ ಬೇಕು, ಆಪ್ಟ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಆದ್ಯತೆಯನ್ನು 1000 ಅಥವಾ ಅದಕ್ಕಿಂತ ಮೇಲೆ ಯಾವತ್ತೂ ಇಡಬೇಡಿ, ಆಗ ಆಪ್ಟ್ ಇರುವ ಪ್ಯಾಕೇಜನ್ನು ಹಿಂದಿನ ಆವೃತ್ತಿಗೂ ಇಳಿಸಿಬಿಡಬಲ್ಲದು.

ಈಗ 'ಆಪ್ಟ್ ಅಪ್‌ಡೇಟ್'. ಸಾಲುಗಳ ಶುರುವಿನಲ್ಲಿ 'ಹಿಟ್', 'ಗೆಟ್' ಇದ್ದರೆ ಕ್ಷೇಮ. 'ಎರ್ರ್' ಕಂಡರೆ ಕೆಳಗಿನ ಸಾಲನ್ನು ಪೂರ್ತಿ ಓದಿ. ಇನ್‌ಸ್ಟಾಲ್‌ಗೆ ಮೊದಲು 'ಆಪ್ಟ್-ಕ್ಯಾಶ್ ಪಾಲಿಸಿ ಪೋಸ್ಟ್‌ಗ್ರೆಸ್‌ಕ್ಯೂಎಲ್-17' ಕೊಡಿ. 'ಕ್ಯಾಂಡಿಡೇಟ್' ಎದುರಿನ ಆವೃತ್ತಿ ಯಾವ ವಿಳಾಸದಿಂದ ಬರುತ್ತಿದೆ ಎಂದು ಅಲ್ಲೇ ಕಾಣುತ್ತದೆ. ಆಮೇಲೆ 'ಆಪ್ಟ್ ಇನ್‌ಸ್ಟಾಲ್ -ಎಸ್' ಎಂದು ಸುಳ್ಳು ಓಟ ಓಡಿಸಿ, ಏನೇನು ಬರುತ್ತದೆ, ಏನೇನು ಹೋಗುತ್ತದೆ ನೋಡಿಕೊಳ್ಳಿ.

ಹೆಸರಿನಲ್ಲಿ 17 ಸೇರಿಸಿಯೇ ಕೊಡಿ. ಬರೀ 'ಪೋಸ್ಟ್‌ಗ್ರೆಸ್‌ಕ್ಯೂಎಲ್' ಅನ್ನುವುದು ಮೆಟಾಪ್ಯಾಕೇಜ್, ರೆಪೊಸಿಟರಿಯಲ್ಲಿರುವ ಅತಿ ಹೊಸ ಆವೃತ್ತಿಯನ್ನು ಎಳೆದು ತರುತ್ತದೆ. ಸರ್ವರ್‌ನಲ್ಲಿ ಮೊದಲೇ ಆ ಮೆಟಾಪ್ಯಾಕೇಜ್ ಇದ್ದರೆ ಅದನ್ನು ತೆಗೆಯುವ ಮುನ್ನ 'ಆಪ್ಟ್-ಮಾರ್ಕ್ ಮ್ಯಾನುಯಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್-16' ಕೊಡುವುದು ಕ್ಷೇಮ, ಆಗ ಮುಂದಿನ 'ಆಟೊರಿಮೂವ್' ಓಡುತ್ತಿರುವ ಡೇಟಾಬೇಸನ್ನು ಬೇಡದ್ದು ಎಂದುಕೊಳ್ಳುವುದಿಲ್ಲ. 16 ಓಡುತ್ತಿರುವಾಗ 17 ಹಾಕಿದರೆ ಹೊಸದು 5433 ಪೋರ್ಟ್‌ನಲ್ಲಿ ಏಳುತ್ತದೆ, ಹಳೆಯ ಡೇಟಾ 5432ರಲ್ಲೇ ಇರುತ್ತದೆ. 'ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್' ಎರಡನ್ನೂ ತೋರಿಸುತ್ತದೆ. ಡೇಟಾ ತಾನಾಗೇ ಸಾಗುವುದಿಲ್ಲ.

ಲೈನ್, ಕರೆಂಟ್, ಲ್ಯಾಬ್

'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಬಂದರೆ ಒಂದೋ ಮಿರರ್ (ರೆಪೊಸಿಟರಿಯ ನಕಲು ಇಟ್ಟಿರುವ ಸರ್ವರ್) ಆ ಹೊತ್ತಿನಲ್ಲಿ ಸಿಂಕ್ ಆಗುತ್ತಿದೆ, ಇಲ್ಲವೇ ನಡುವೆ ಕೂತ ಪ್ರಾಕ್ಸಿ ಹಳಸಿದ ಪ್ರತಿ ಕೊಡುತ್ತಿದೆ. '/ವಾರ್/ಲಿಬ್/ಆಪ್ಟ್/ಲಿಸ್ಟ್ಸ್' ಒಳಗಿನದನ್ನು ಅಳಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಸಹಿ ಪರೀಕ್ಷೆಯನ್ನೇ ಆಫ್ ಮಾಡುವ ಸಲಹೆ ಎಲ್ಲಾದರೂ ಕಂಡರೆ ಅದನ್ನು ಪಾಲಿಸಬೇಡಿ. ಅಪ್‌ಡೇಟ್ ಸುಮ್ಮನೆ ನಿಂತಂತೆ ಕಂಡರೆ ಐಪಿವಿ6 ಹೆಸರಿಗಷ್ಟೇ ಇದ್ದು ಹೊರಗೆ ಹೋಗದೆ ಇರಬಹುದು. 'ಅಕ್ವೈರ್::ಫೋರ್ಸ್‌ಐಪಿವಿ4' ಆಯ್ಕೆಯನ್ನು ಟ್ರೂ ಮಾಡಿ ಪರೀಕ್ಷಿಸಿ.

ಅಪ್‌ಗ್ರೇಡ್ ಅನ್ನು ಯಾವಾಗಲೂ ಟಿಮಕ್ಸ್ ಒಳಗೆ ಓಡಿಸಿ, ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಹೋಗುವ) ಸಂಪರ್ಕ ಕಡಿದರೂ ಕೆಲಸ ನಿಲ್ಲುವುದಿಲ್ಲ. ನಡುವೆ ಕರೆಂಟೇ ಹೋಗಿದ್ದರೆ 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಆಪ್ಟ್ -ಎಫ್ ಇನ್‌ಸ್ಟಾಲ್'. ಲಾಕ್ ಫೈಲ್ ಇದೆ ಎಂದು ಹೇಳಿದರೆ ಅದನ್ನು ಅಳಿಸಲು ಹೋಗಬೇಡಿ, ಹಿನ್ನೆಲೆಯಲ್ಲಿ ತಾನಾಗೇ ನಡೆಯುವ ಅಪ್‌ಡೇಟ್ ಇನ್ನೂ ಮುಗಿದಿಲ್ಲ ಅಷ್ಟೇ.

ಲ್ಯಾಬ್‌ನಲ್ಲಿ 30 ಯಂತ್ರ ಇದ್ದು ಒಂದೊಂದೂ 200 ಎಂಬಿ ಇಳಿಸಿದರೆ 6 ಜಿಬಿ ಆಯಿತು. ಒಂದು ಯಂತ್ರದಲ್ಲಿ 'ಆಪ್ಟ್-ಕ್ಯಾಚರ್-ಎನ್‌ಜಿ' (ಒಮ್ಮೆ ಇಳಿಸಿದ ಪ್ಯಾಕೇಜನ್ನು ಇಟ್ಟುಕೊಂಡು ಹಂಚುವ ಸಾಧನ) ಹಾಕಿ, ಉಳಿದವುಗಳ ಆಪ್ಟ್ ಪ್ರಾಕ್ಸಿಯನ್ನು ಅದರ 3142 ಪೋರ್ಟ್‌ಗೆ ತಿರುಗಿಸಿದರೆ 200 ಎಂಬಿಯಲ್ಲೇ ಮುಗಿಯುತ್ತದೆ. ಎಚ್‌ಟಿಟಿಪಿಎಸ್ ರೆಪೊಸಿಟರಿಗಳಿಗೆ ಮಾತ್ರ ಇದು ನೇರವಾಗಿ ನಡೆಯುವುದಿಲ್ಲ, ಗೂಢಲಿಪಿಯೊಳಗೆ ಏನಿದೆ ಎಂದು ಕ್ಯಾಚರ್‌ಗೆ ಕಾಣದು. ಅವುಗಳಿಗೆ 'ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ' ಎದುರು 'ಡೈರೆಕ್ಟ್' ಎಂದು ಬರೆದು ನೇರ ಹೊರಗೆ ಬಿಡಿ. ಪ್ರಾಕ್ಸಿಯನ್ನು ಶೆಲ್‌ನ ಎನ್ವಿರಾನ್‌ಮೆಂಟ್‌ನಲ್ಲಿ ಇಟ್ಟರೆ ಸಾಲದು, ಸುಡೊ ಸಾಮಾನ್ಯವಾಗಿ ಅದನ್ನು ಒಳಗೆ ಒಯ್ಯುವುದಿಲ್ಲ, '/ಈಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ' ಒಳಗೇ ಬರೆಯಿರಿ.

ಸೇರಿಸಿದ ಮೇಲೆ

ಉಬುಂಟುವಿನ 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ತಾನಾಗಿ ಹಾಕುವುದು ಉಬುಂಟುವಿನ ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ. ಹೊರಗಿನ ರೆಪೊಸಿಟರಿಯಿಂದ ಬಂದ ಡೇಟಾಬೇಸ್‌ಗೆ ತೇಪೆ ಬಂದರೂ ನೀವು ಕೈಯಿಂದ ಹಾಕುವವರೆಗೆ ಅದು ಹಾಗೇ ಇರುತ್ತದೆ. 'ಆಪ್ಟ್-ಕ್ಯಾಶ್ ಪಾಲಿಸಿ' ತೋರಿಸುವ 'ಓ=' ಮತ್ತು 'ಎ=' ಬೆಲೆಗಳನ್ನು ಅದರ 'ಅಲೋಡ್-ಒರಿಜಿನ್ಸ್' ಪಟ್ಟಿಗೆ ಸೇರಿಸಬಹುದು. ಆದರೆ ಅಪ್‌ಡೇಟ್ ಆದಾಗ ಡೇಟಾಬೇಸ್ ರೀಸ್ಟಾರ್ಟ್ ಆಗುತ್ತದೆ. ವ್ಯವಹಾರದ ಹೊತ್ತಿನಲ್ಲಿ ಬಿಲ್ಲಿಂಗ್ ನಿಲ್ಲಬಾರದು ಅಂದರೆ ವಾರಕ್ಕೊಂದು ದಿನ ನಿಗದಿ ಮಾಡಿ ಕೈಯಿಂದ ಹಾಕುವುದೇ ಮೇಲು.

ಆಲ್ಮಾ, ರಾಕಿ ಎಂಬ ಬೇರೆ ಲಿನಕ್ಸ್‌ಗಳನ್ನು ಬಳಸುವವರಿಗೆ ಫೈಲ್ ಇರುವ ಜಾಗ '/ಈಟಿಸಿ/ಯಮ್.ರೆಪೋಸ್.ಡಿ', ಕಮಾಂಡ್ ಡಿಎನ್‌ಎಫ್. ಅಲ್ಲಿ 'ಜಿಪಿಜಿಚೆಕ್=1' ಇರಲೇಬೇಕು. ಇನ್ನೂ ಸೆಂಟ್‌ಓಎಸ್ 7 ಓಡಿಸುತ್ತಿರುವವರಿಗೆ ಒಂದು ಮಾತು: ಅದರ ಅವಧಿ 2024ರ ಜೂನ್ 30ಕ್ಕೆ ಮುಗಿದಿದೆ. ವಿಳಾಸವನ್ನು ವಾಲ್ಟ್‌ಗೆ (ಹಳೆಯ ಆವೃತ್ತಿಗಳ ಸಂಗ್ರಹಕ್ಕೆ) ಬದಲಿಸಿದರೆ ಹಳೆಯ ಪ್ಯಾಕೇಜ್ ಸಿಗುತ್ತವೆ, ಹೊಸ ಭದ್ರತಾ ತೇಪೆ ಸಿಗುವುದಿಲ್ಲ. ಅದನ್ನು ಸ್ಥಳಾಂತರದ ನಡುವಿನ ಏರ್ಪಾಡು ಎಂದಷ್ಟೇ ಇಟ್ಟುಕೊಳ್ಳಿ.

ಉಬುಂಟುವನ್ನೇ ಮುಂದಿನ ಆವೃತ್ತಿಗೆ ಏರಿಸಿದಾಗ ಹೊರಗಿನ ರೆಪೊಸಿಟರಿಗಳು ನಿಷ್ಕ್ರಿಯವಾಗುತ್ತವೆ, ಫೈಲಿನಲ್ಲಿ 'ಎನೇಬಲ್ಡ್: ನೋ' ಬಂದಿರುತ್ತದೆ. ಸೂಟ್ ಹೆಸರು ಬದಲಿಸಿ ನೀವೇ ಮತ್ತೆ ತೆರೆಯಬೇಕು. ಬೇಡವೇ ಬೇಡ ಅಂದರೆ ಸೋರ್ಸ್ ಫೈಲ್, ಪ್ರಿಫರೆನ್ಸ್ ಫೈಲ್, ಕೀ ಮೂರನ್ನೂ ಅಳಿಸಿ 'ಆಪ್ಟ್ ಅಪ್‌ಡೇಟ್' ಕೊಡಿ. ಅಲ್ಲಿಂದ ಬಂದಿದ್ದ ಪ್ಯಾಕೇಜ್‌ಗಳು ಮಾತ್ರ ಸರ್ವರ್‌ನಲ್ಲೇ ಉಳಿದಿರುತ್ತವೆ, ಇನ್ನು ಮುಂದೆ ಅವಕ್ಕೆ ಅಪ್‌ಡೇಟ್ ಬರುವ ದಾರಿಯೂ ಇರುವುದಿಲ್ಲ. 'ಆಪ್ಟ್ ಲಿಸ್ಟ್' ಜೊತೆ '?ಆಬ್ಸೊಲೀಟ್' ಎಂದು ಕೊಟ್ಟರೆ, ಯಾವ ರೆಪೊಸಿಟರಿಯಲ್ಲೂ ಈಗ ಸಿಗದ ಪ್ಯಾಕೇಜ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಒಂದೊಂದನ್ನೂ ನೋಡಿ ತೆಗೆಯಿರಿ.