ವರಂಗದ ಕೆರೆ ಮತ್ತು ನಾನು ಮರೆತ ಹರಕೆ

ಕಾರ್ಕಳ-ಹೆಬ್ರಿ ದಾರೀಲಿರೋ ವರಂಗಕ್ಕೆ ಹೋಗಿಬಂದು ಹದಿನೈದು ದಿನ ಆಯ್ತು, ಬರೀಬೇಕು ಬರೀಬೇಕು ಅಂತಾನೇ ಇದ್ದೆ, ಇವತ್ತು ಕರೆಂಟೂ ಇಲ್ಲ, ಕೂತಿದ್ದೀನಿ.

ಮಕ್ಕಳು ಚಿಕ್ಕವರಿದ್ದಾಗ ಬೇಸಿಗೆ ರಜೆ ಅಂದ್ರೆ ನಮ್ಮನೇಲಿ ಒಂದೇ ರೂಟು. ಧರ್ಮಸ್ಥಳ, ಕಾರ್ಕಳದ ಗೊಮ್ಮಟ, ಹೆಬ್ರಿ ಮೇಲೆ ಆಗುಂಬೆ ಘಾಟಿ, ಶೃಂಗೇರಿ, ವಾಪಸ್ಸು. ಇವರಿಗೆ ಬ್ಯಾಂಕಲ್ಲಿ ನಾಲ್ಕೇ ದಿನ ರಜ ಸಿಗ್ತಿದ್ದಿದ್ದು, ಹಾಗಾಗಿ ದೇವರ ಮುಂದೆ ನಿಂತಾಗ್ಲೂ ವಾಚ್ ನೋಡ್ಕೊಳ್ಳೋರು. ಅಂಥ ಒಂದು ಸಲ ಬಸ್ಸು ವರಂಗದಲ್ಲಿ ನಿಂತಾಗ ಪಕ್ಕದಲ್ಲಿ ಕೂತಿದ್ದ ಒಬ್ಬರು ಹೆಂಗಸು, ಇಲ್ಲೇ ಒಳಗೆ ಕೆರೆ ಮಧ್ಯೆ ಬಸದಿ ಇದೆ, ಪದ್ಮಾವತಿ ಅಮ್ಮ ಇದ್ದಾರೆ, ಕೇಳ್ಕೊಂಡಿದ್ದು ನಡೆಸಿ ಕೊಡ್ತಾರೆ ಅಂದ್ರು. ನಾವು ಜೈನರಲ್ಲ. ಆದ್ರೂ ಕಿಟಕಿಯಿಂದಾನೇ ಕೈ ಮುಗಿದು ಅದೇನೋ ಕೇಳ್ಕೊಂಡೆ, ನಡೆಸಿ ಕೊಟ್ರೆ ಸೀರೆ ತಂದು ಕೊಡ್ತೀನಿ ತಾಯಿ ಅಂತ. ಆಮೇಲೆ ಆ ದಾರೀಲಿ ಎಷ್ಟು ಸಲ ಹೋದ್ವೋ, ಒಂದ್ಸಲಾನೂ ಇಳೀಲಿಲ್ಲ.

ಈ ವರ್ಷ ಇವರು ರಿಟೈರ್ ಆದ ಮೇಲೆ ಮೊದಲನೇ ಬೇಸಿಗೆ. ಕಾರ್ಕಳದಲ್ಲೇ ರೂಮ್ ಮಾಡಿದ್ವಿ, ಯಾವತ್ತು ವಾಪಸ್ಸು ಅಂತ ಮಾತಾಡ್ಲೇ ಇಲ್ಲ. ಒಂದಿನ ಪೂರ್ತಿ ಬೆಟ್ಟಕ್ಕೇ ಕೊಟ್ವಿ. 1432ರಲ್ಲಿ ನಿಲ್ಲಿಸಿದ 42 ಅಡಿ ಬಾಹುಬಲಿ ಹತ್ರ ಹೋಗೋಕೆ ಮೆಟ್ಟಿಲು ಮೆಟ್ಟಿಲಿಗೂ ಕೂತು ಹತ್ತಿದ್ವಿ, ಇಬ್ಬರದ್ದೂ ಮಂಡಿ ಕೇಳಬೇಕಲ್ಲ. ಮೂರನೇ ದಿನ ಸೀರೆ, ಹಸಿರು ಬಳೆ, ಕುಂಕುಮ ತಗೊಂಡು ಹೆಬ್ರಿ ಬಸ್ ಹತ್ತಿದ್ವಿ. ದಾರೀಲಿ ಇವರು ಕೇಳಿದ್ರು, ಅಲ್ಲಾ ಕಣೇ, ಏನಂತ ಹರಕೆ ಹೇಳ್ಕೊಂಡಿದ್ದೆ ನೀನು?

ನೆನಪೇ ಬರ್ಲಿಲ್ಲ! ದೊಡ್ಡವನ ಜ್ವರಾನಾ, ಇವರ ಟ್ರಾನ್ಸ್‌ಫರ್ರಾ, ನಮ್ಮತ್ತೆ ಆಪರೇಶನ್ನಾ? ಅವತ್ತು ಅದಿಲ್ದೆ ಬದುಕೇ ಇಲ್ಲ ಅನ್ನೋ ಹಾಗೆ ಕೇಳಿರ್ತೀನಿ, ಇವತ್ತು ಏನಂತಾನೇ ಗೊತ್ತಿಲ್ಲ. ಇವರಂತೂ ಬಸ್ಸಲ್ಲೆಲ್ಲಾ ಕೇಳೋ ಹಾಗೆ ನಕ್ಕಿದ್ದೇ ನಕ್ಕಿದ್ದು. ನಂಗೆ ಮಾತ್ರ ಒಳಗೊಳಗೇ ಕಸಿವಿಸಿ, ಅಮ್ಮನ ಮುಂದೆ ಏನಂತ ಹೇಳಿ ಸೀರೆ ಕೊಡೋದು?

ಬೇಸಿಗೆ ಅಲ್ವಾ, ನೀರು ಇಳಿದಿತ್ತು, ಆದ್ರೂ ದೋಣಿ ಹೋಗೋಷ್ಟು ಇತ್ತು. ಸುತ್ತ ತೆಂಗು, ಹಿಂದೆ ಘಟ್ಟ, ನಡುನೀರಲ್ಲಿ ಆ ಪುಟ್ಟ ಬಸದಿ. ದೋಣಿ ಆಚೆ ದಡಕ್ಕೆ ಹೋಗಿತ್ತು. ಮೊದಲಿನ ಇವರಾಗಿದ್ರೆ ಎಷ್ಟೊತ್ತಾಗತ್ತೆ ಅಂತ ನಾಲ್ಕು ಸಲ ಕೇಳೋರು. ಅವತ್ತು ಚಪ್ಪಲಿ ಬಿಚ್ಚಿ ನೆರಳಲ್ಲಿ ಕೂತು, ತಾವರೆ ಎಲೆ ಮೇಲೆ ಉದ್ದುದ್ದ ಕಾಲಿನ ಹಕ್ಕಿ ನಡ್ಕೊಂಡು ಹೋಗೋದನ್ನ ನೋಡ್ತಾ ಕೂತ್ರು. ದೋಣಿ ಬಂದಿದ್ದು ನಾನೇ ಹೇಳ್ಬೇಕಾಯ್ತು.

ಬಸದಿ ಚತುರ್ಮುಖ. ಒಂದೊಂದು ದಿಕ್ಕಿಗೆ ಒಬ್ಬೊಬ್ಬ ತೀರ್ಥಂಕರರು, ನೇಮಿನಾಥ, ಶಾಂತಿನಾಥ, ಅನಂತನಾಥ, ಪಾರ್ಶ್ವನಾಥ. ಇವರು ಮೆಲ್ಲಗೆ, ಇದರಲ್ಲಿ ಹಿಂಬಾಗಿಲು ಯಾವುದು ಅಂತ ಕೇಳಿದ್ರು. ಸುತ್ತು ಬಂದ್ರೆ ಬೆನ್ನು ಅನ್ನೋದೇ ಇಲ್ಲ ದೇವರಿಗೆ.

ಜೈನರು ಹೇಳೋದು ಕೇಳಿದೀನಿ, ತೀರ್ಥಂಕರರು ವೀತರಾಗರು, ರಾಗ ದ್ವೇಷ ಎಲ್ಲ ಬಿಟ್ಟವರು, ಅವರು ವರ ಕೊಡೋದೂ ಇಲ್ಲ ಸಿಟ್ಟಾಗೋದೂ ಇಲ್ಲ. ಮದುವೆ ಊಟಕ್ಕೆ ಅಂತ ಕಟ್ಟಿಹಾಕಿದ್ದ ಪ್ರಾಣಿಗಳ ಕೂಗು ಕೇಳಿ ನೇಮಿನಾಥ ಮದುವೇನೇ ಬಿಟ್ಟು ಹೊರಟುಹೋದವರಂತೆ, ಅಂಥವರ ಹತ್ರ ಟ್ರಾನ್ಸ್‌ಫರ್ ಮಾಡಿಸಿ ಅಂತ ಕೇಳಕ್ಕಾಗತ್ತಾ? ನಮ್ಮಂಥವರ ಸಂಸಾರದ ತಾಪತ್ರಯ ಕೇಳೋಕೆ ಪಾರ್ಶ್ವನಾಥರ ಯಕ್ಷಿ, ಅಂದ್ರೆ ಕಾವಲು ದೇವತೆ, ಪದ್ಮಾವತಿ ಇದ್ದಾಳೆ. ಏನೂ ಕೊಡದವರು, ಕೇಳಿದ್ದೆಲ್ಲ ಕೇಳಿಸ್ಕೊಳ್ಳೋಳು, ಇಬ್ಬರೂ ಒಂದೇ ಸೂರಿನ ಕೆಳಗೆ! ಈ ಏರ್ಪಾಡು ನಂಗೆ ತುಂಬಾ ಹಿಡಿಸ್ತು.

ಅಮ್ಮನ ಮುಂದೆ ಸೀರೆ ಇಟ್ಟು ಕಣ್ಣು ಮುಚ್ಚಿದೆ. ಹೇಳೋಕೆ ಏನೂ ಬರ್ಲಿಲ್ಲ, ತಪ್ಪಾಯ್ತು ತಾಯಿ ತಡ ಮಾಡಿದೆ, ಇಷ್ಟೇ. ಆಮೇಲೆ ನೇಮಿನಾಥರ ಎದುರು ನಿಂತೆ. ಕೇಳೋದಿಲ್ಲ, ತೀರಿಸೋದಿಲ್ಲ, ಬಸ್ ತಪ್ಪತ್ತೆ ಅನ್ನೋದಿಲ್ಲ. ಇಷ್ಟು ವರ್ಷ ಎಷ್ಟು ದೇವಸ್ಥಾನ ಸುತ್ತಿದೀನೋ, ಹಾಗೆ ಬರಿಗೈಲಿ, ಬರೀ ಮನಸ್ಸಲ್ಲಿ ನಿಂತಿದ್ದು ನೆನಪಿಲ್ಲ. ಎಷ್ಟೊತ್ತು ನಿಂತಿದ್ನೋ, ಇವರು ಬಂದು ಕೈ ಮುಟ್ಟಿದಾಗ್ಲೇ ಎಚ್ಚರ ಆಗಿದ್ದು.

ವಾಪಸ್ ಬರ್ತಾ ದೋಣೀಲಿ ಕೇಳಿದ್ರು, ನೆನಪಾಯ್ತಾ? ಇಲ್ಲ ರೀ ಅಂದೆ. ನೀರಲ್ಲಿ ಕೈ ಇಳಿಬಿಟ್ಕೊಂಡು ಕೂತಿದ್ರು, ಸುಮ್ನಾದ್ರು.

ಮಾರನೇ ದಿನ ಮೂಡುಬಿದಿರೆಗೆ ಹೋಗೋಣ ಅಂತಿತ್ತು. ಬೆಳಿಗ್ಗೆ ಸ್ಟ್ಯಾಂಡಿಗೆ ಬಂದ್ರೆ ಇವರೇ ಮುಂದೆ ಮುಂದೆ ಹೋಗಿ ಹೆಬ್ರಿ ಬಸ್ಸಲ್ಲಿ ಸೀಟ್ ಹಿಡಿದು ಕೂತಿದ್ರು. ನಾನೂ ಏನೂ ಕೇಳ್ಲಿಲ್ಲ, ಹತ್ತಿದೆ. ಈ ಸಲ ಕೈಯಲ್ಲಿ ಸೀರೆ ಬಳೆ ಏನೂ ಇರ್ಲಿಲ್ಲ. ದೋಣಿ ಮತ್ತೆ ಆಚೆ ದಡದಲ್ಲೇ ಇತ್ತು.