ಬಿಆರ್‌ಟಿಎಸ್ ಕೆಲಸ: ಲೇನ್ ಬಿಟ್ಟುಕೊಟ್ಟರೆ ಸಾಲದು, ನಿಲ್ದಾಣ ಮತ್ತು ಸಿಗ್ನಲ್ ಸರಿಯಾಗಬೇಕು

ಎರಡು ಊರುಗಳ ನಡುವೆ ಬಿಆರ್‌ಟಿಎಸ್ (ಬಸ್ಸಿಗೆಂದೇ ಬೇರೆ ಲೇನ್ ಇರುವ ತ್ವರಿತ ಬಸ್ ಸಾರಿಗೆ) ಮಾಡಲು ಹೊರಟಾಗ ಎಲ್ಲರ ಗಮನವೂ ರಸ್ತೆ ಅಗಲೀಕರಣದ ಮೇಲೇ ಇರುತ್ತದೆ. ಎಷ್ಟು ಮೀಟರ್ ಜಾಗ ಸಿಕ್ಕಿತು, ಎಷ್ಟು ಕಟ್ಟಡ ಹೋಗುತ್ತೆ, ಪರಿಹಾರ ಎಷ್ಟು ಎಂಬುದೇ ಮಾತು. ಅದು ಸಣ್ಣ ಕೆಲಸವಲ್ಲ, ನಿಜ. ಆದರೆ ಬಸ್ಸು ಹೊತ್ತು ಕಳೆದುಕೊಳ್ಳುವುದು ನೇರವಾದ ಲೇನಿನಲ್ಲಲ್ಲ, ನಿಲ್ದಾಣದಲ್ಲಿ ಮತ್ತು ಸರ್ಕಲ್‌ಗಳಲ್ಲಿ. ಹಾಗಾಗಿ ನಕ್ಷೆ ಬರೆಯುವ ಮುಂಚೆಯೇ ಬಸ್ಸು ಓಡಿಸುವ ಲೆಕ್ಕ ಮುಗಿದಿರಬೇಕು.

ಹುಬ್ಬಳ್ಳಿ–ಧಾರವಾಡದ್ದನ್ನೇ ನೋಡಿ. 2018ರ ಅಕ್ಟೋಬರ್‌ನಲ್ಲಿ ‘ಚಿಗರಿ’ ಹೆಸರಿನ ಬಿಆರ್‌ಟಿಎಸ್ ಬಸ್ಸುಗಳು ಓಡಲು ಶುರುವಾದ ಈ ಮಾರ್ಗ ಸುಮಾರು 22 ಕಿ.ಮೀ. ಇಷ್ಟು ಉದ್ದದ ದಾರಿಯಲ್ಲಿ ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಎಂದು ಹಿಡಿದರೆ ಒಂದು ಕಡೆಗೆ 53 ನಿಮಿಷ. ಹೋಗಿಬರುವುದು, ಎರಡೂ ತುದಿಯ ವಿರಾಮ ಎಲ್ಲ ಸೇರಿ 120 ನಿಮಿಷ. ಮೂರು ನಿಮಿಷಕ್ಕೊಂದು ಬಸ್ಸು ಬಿಡಬೇಕಾದರೆ 40 ಬಸ್ಸು ಬೇಕು, ರಿಪೇರಿಗೆಂದು ಶೇ. 10 ಹೆಚ್ಚುವರಿ ಇಟ್ಟರೆ 44. ವೇಗ 18ಕ್ಕೆ ಇಳಿಯಿತೋ, ಸುತ್ತು 160 ನಿಮಿಷವಾಗಿ ಅದೇ ಸೇವೆಗೆ ಹೆಚ್ಚುವರಿಯೂ ಸೇರಿ 60 ಬಸ್ಸು ಬೇಕಾಗುತ್ತದೆ. ಹೆಚ್ಚಿನ ಹದಿನಾರು ಬಸ್ಸು, ಅವುಗಳ ಚಾಲಕರು, ಡೀಸೆಲ್ಲು, ಡಿಪೋದ ಜಾಗ ಎಲ್ಲವೂ ನಿಂತು ಕಳೆದ ಹೊತ್ತಿಗೆ ತೆರುವ ದಂಡ. (ವೇಗದ ಅಂಕಿಗಳು ಲೆಕ್ಕ ತೋರಿಸಲು ಮಾತ್ರ.)

ಸರ್ಕಲ್ ವಿಷಯಕ್ಕೆ ಬರೋಣ. ಬಸ್ ಲೇನ್ ರಸ್ತೆಯ ನಡುವೆ ಇದ್ದರೆ, ನೇರ ಹೋಗುವ ಬಸ್ಸಿಗೆ ಬಲಕ್ಕೆ ತಿರುಗುವ ಕಾರು, ಬೈಕುಗಳು ಅಡ್ಡ ಬರುತ್ತವೆ. ಬಲತಿರುವಿಗೆ ಬೇರೆ ಹಸಿರು ಕೊಡಲೇಬೇಕು, ಸಿಗ್ನಲ್ ನಾಲ್ಕು ಹಂತದ್ದಾಗುತ್ತದೆ. 120 ಸೆಕೆಂಡಿನ ಸುತ್ತಿನಲ್ಲಿ ಬಸ್ಸಿಗೆ 30 ಸೆಕೆಂಡ್ ಹಸಿರು ಸಿಕ್ಕರೆ ಸರಾಸರಿ ಕಾಯುವಿಕೆ ಸುಮಾರು 34 ಸೆಕೆಂಡ್. ಬಲತಿರುವು ನಿಲ್ಲಿಸಿ, ಮುಂದೆ ಯು-ಟರ್ನ್ ಕೊಟ್ಟು, 90 ಸೆಕೆಂಡಿನ ಎರಡು ಹಂತದ ಸಿಗ್ನಲ್ ಮಾಡಿದರೆ ಅದು 11 ಸೆಕೆಂಡಿಗೆ ಇಳಿಯುತ್ತದೆ. ಹದಿನೈದು ಸಿಗ್ನಲ್ ಇರುವ ದಾರಿಯಲ್ಲಿ ಹತ್ತಿರ ಹತ್ತಿರ ಆರು ನಿಮಿಷ ಉಳಿಯಿತು. ಅಂಗಡಿಯವರು, ಆಟೋದವರು ಬಲತಿರುವು ತೆಗೆಯಲು ಒಪ್ಪುವುದಿಲ್ಲ. ಈ ಜಗಳವನ್ನು ಯೋಜನೆಯ ಹಂತದಲ್ಲೇ ಆಡಿ ಮುಗಿಸಬೇಕು. ರಸ್ತೆ ಆದ ಮೇಲೆ ಯು-ಟರ್ನಿಗೆ ಬೇಕಾದ ಅಗಲ ಎಲ್ಲೂ ಸಿಗುವುದಿಲ್ಲ.

ನಿಲ್ದಾಣವನ್ನು ಸಿಗ್ನಲ್ ಗೆರೆಗೆ ಒತ್ತಿ ಕಟ್ಟಬಾರದು. 12 ಮೀಟರ್ ಬಸ್ಸೊಂದು ಸಾಲಿನಲ್ಲಿ ನಿಲ್ಲಲು 15 ಮೀಟರ್ ಬೇಕು. ಕೆಂಪು ದೀಪಕ್ಕೆ ಎರಡು ಬಸ್ಸು ನಿಂತಾಗಲೂ ನಿಲ್ದಾಣದ ಬಾಯಿ ಕಟ್ಟದಂತೆ ಕನಿಷ್ಠ 30 ಮೀಟರ್ ಬಿಡಿ, 40 ಬಿಟ್ಟರೆ ನೆಮ್ಮದಿ.

ಹೊರವಲಯದ ಮಾರ್ಗದಲ್ಲಿ ಎಲ್ಲ ಕಡೆ ನಿಲ್ಲುವ ಬಸ್ಸೂ ಎಕ್ಸ್‌ಪ್ರೆಸ್ಸೂ ಒಟ್ಟಿಗೆ ಓಡಬೇಕು. ಅದಕ್ಕೆ ನಿಲ್ದಾಣದ ಬಳಿ ಓವರ್‌ಟೇಕ್ ಲೇನ್ ಇರಲೇಬೇಕು. ಎರಡೂ ಕಡೆ 7 ಮೀಟರ್, ನಡುವೆ 5 ಮೀಟರಿನ ಪ್ಲಾಟ್‌ಫಾರ್ಮ್ ಎಂದರೆ 19 ಮೀಟರ್ ಆಯಿತು. ಅಷ್ಟು ಜಾಗವಿಲ್ಲದ ಕಡೆ ಎರಡು ದಿಕ್ಕಿನ ನಿಲುಗಡೆಗಳನ್ನು ಹಿಂದೆ ಮುಂದೆ ಮಾಡಿದರೆ ಹದಿನೈದೂವರೆ ಮೀಟರಿನಲ್ಲಿ ಕೆಲಸವಾಗುತ್ತದೆ.

ಪ್ಲಾಟ್‌ಫಾರ್ಮಿನ ಎತ್ತರದಲ್ಲಿ ತಪ್ಪು ನಡೆಯುವುದು ಹೆಚ್ಚು. ಬಸ್ಸಿನ ಒಳನೆಲ 900 ಮಿ.ಮೀ. ಎತ್ತರದಲ್ಲಿದ್ದರೆ ಪ್ಲಾಟ್‌ಫಾರ್ಮೂ ಅಷ್ಟೇ ಇರಬೇಕು, ಅಳತೆ ತೆಗೆಯುವುದು ಬಸ್ಸಿನ ಗಾಲಿ ನಿಲ್ಲುವ ಜಾಗದಿಂದ. ಅಂಚಿನ ಕಲ್ಲು ಕೂರಿಸುವ ಮೊದಲು ಬಸ್ಸನ್ನು ತರಿಸಿ, ಖಾಲಿ ಇದ್ದಾಗಲೂ ಮರಳುಚೀಲ ತುಂಬಿದಾಗಲೂ ಅಳೆಯಿರಿ. ನಿಲ್ದಾಣದ ಮುಂದಿನ ನೆಲಕ್ಕೆ ಡಾಂಬರು ಬೇಡ. ದಿನವಿಡೀ ಅದೇ ಗೆರೆಯಲ್ಲಿ ಬ್ರೇಕ್ ಬೀಳುತ್ತದೆ, ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗಿ ಗಾಲಿ ಹಾದ ಕಡೆ ತಗ್ಗು ಬಿದ್ದು ಬಾಗಿಲ ಬಳಿ ಮೆಟ್ಟಿಲು ಹುಟ್ಟಿಕೊಳ್ಳುತ್ತದೆ. ಆಮೇಲೆ ಯಾರೋ 50 ಮಿ.ಮೀ. ಹೊಸ ಪದರ ಹಾಕುತ್ತಾರೆ, ಈಗ ಬಸ್ಸೇ ಪ್ಲಾಟ್‌ಫಾರ್ಮಿಗಿಂತ ಮೇಲೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಆ ಐದು ಸೆಂಟಿಮೀಟರೇ ಗೋಡೆ. ಕಾಂಕ್ರೀಟ್ ಹಾಕಿ, ಕ್ಯೂರಿಂಗಿಗೆ (ನೀರುಣಿಸಿ ಗಟ್ಟಿಯಾಗಲು ಬಿಡುವುದಕ್ಕೆ) ಬೇಕಾದಷ್ಟು ದಿನ ಪೂರ್ತಿ ಕೊಡಿ. ಬಸ್ಸು ಅಂಚಿನಿಂದ 10 ಸೆಂ.ಮೀ. ಒಳಗೆ ನಿಲ್ಲಬೇಕು, ಇದಕ್ಕೆ ಚಾಲಕರಿಗೆ ಅದೇ ನಿಲ್ದಾಣದಲ್ಲಿ ಅಭ್ಯಾಸ ಬೇಕು, ತರಗತಿಯಲ್ಲಿ ಕಲಿಯುವುದಲ್ಲ.

ನೀರಿನ ಮಾತು. ಬಸ್ ಲೇನಿನ ಎರಡೂ ಬದಿ ಕರ್ಬ್ ಕಲ್ಲು ಎಬ್ಬಿಸಿದ ಕೂಡಲೇ ರಸ್ತೆಯ ಮೇಲೆ ಅಡ್ಡ ಹರಿದು ಹೋಗುತ್ತಿದ್ದ ಮಳೆನೀರಿಗೆ ಕಟ್ಟೆ ಕಟ್ಟಿದಂತೆ. ತಗ್ಗಿನಲ್ಲಿರುವ ಜಾಗದಲ್ಲಿ ಒಂದೇ ಜೋರು ಮಳೆಗೆ ಲೇನ್ ತುಂಬುತ್ತದೆ. ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುವುದು ಆ ಕಡೆಯವರಿಗೆಲ್ಲ ಗೊತ್ತು. ಕರ್ಬ್‌ನಲ್ಲಿ ಕಿಂಡಿ, ಅಡಿಯಲ್ಲಿ ಅಡ್ಡಮೋರಿ, ಎರಡಕ್ಕೂ ಸರಿಯಾದ ವಾಟ ಬೇಕು. ಕುಡಿಯುವ ನೀರಿನ ಪೈಪು, ಒಳಚರಂಡಿಯ ಮ್ಯಾನ್‌ಹೋಲ್‌ಗಳನ್ನು ಬಸ್ ಲೇನಿನಿಂದ ಆಗಲೇ ಆಚೆ ಹಾಕಿಸಿ, ಇಲ್ಲದಿದ್ದರೆ ಪ್ರತಿ ಸೋರಿಕೆಗೂ ಲೇನ್ ಅಗೆಯುತ್ತಾರೆ.

ನಡುರಸ್ತೆಯ ನಿಲ್ದಾಣಕ್ಕೆ ಪ್ರತಿಯೊಬ್ಬ ಪ್ರಯಾಣಿಕನೂ ರಸ್ತೆ ದಾಟಿಯೇ ಬರಬೇಕು. ಮೂರು ಲೇನಿನ ಹತ್ತೂವರೆ ಮೀಟರ್ ದಾಟಲು ಚುರುಕಾಗಿ ನಡೆಯುವವರಿಗೆ 9 ಸೆಕೆಂಡ್, ವಯಸ್ಸಾದವರಿಗೆ 13. ಹಸಿರಿನ ಹೊತ್ತನ್ನು ವಯಸ್ಸಾದವರ ನಡಿಗೆಗೆ ಇಡಬೇಕು. ಸಾಲದ ಕಡೆ ನಡುವೆ 2 ಮೀಟರ್ ಅಗಲದ ತಂಗುಜಾಗ ಕೊಡಿ. ಮೇಲ್ಸೇತುವೆ ಕಟ್ಟಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಮೆಟ್ಟಿಲು ಹತ್ತಲಾರದವರು ಬೇಲಿಯ ಸಂದಿಯಲ್ಲೇ ನುಗ್ಗುತ್ತಾರೆ, ಅದೂ ವಾಹನಗಳು 60ರ ವೇಗದಲ್ಲಿ ಬರುವ ಹೊರವಲಯದ ರಸ್ತೆಯಲ್ಲಿ. ದಾಟುವ ಜಾಗದಲ್ಲಿ ರಸ್ತೆಯನ್ನೇ ಎತ್ತರಿಸಿ ವೇಗ 30ಕ್ಕೆ ಇಳಿಸಿ, ಬೀದಿದೀಪವನ್ನು ಮೊದಲು ಅಲ್ಲಿಗೆ ಹಾಕಿಸಿ.