ಹುಲಿಗೆಪ್ಪ ಉರ್ಫ್ ಅಶೋಕ

ನಮ್ಮ ಕಡೆ ಮಂದಿ ಹೆಸರು ಕೇಳಿದ್ರ ಸಾಕು, ಮನಿದೇವ್ರು ಯಾವುದು, ಯಾವ ಜಾತ್ರಿಗೆ ಗಾಡಿ ಕಟ್ತಿದ್ರು ಅಂತ ಅರ್ಧ ಗೊತ್ತಾಗಿಬಿಡ್ತದ. ಹುಲಿಗೆಪ್ಪ, ಹುಲಿಗೆಮ್ಮ ಅಂದ್ರ ಹುಲಗಿ ಅಮ್ಮನ ಒಕ್ಕಲು. ಗವಿಸಿದ್ದಪ್ಪ ಅಂದ್ರ ಕೊಪ್ಪಳ ಗವಿಮಠ. ಅಮರೇಶ ಅಂದ್ರ ಗುರುಗುಂಟಾ, ಸೂಗಪ್ಪ ಅಂದ್ರ ದೇವಸೂಗೂರು, ಹಂಪಯ್ಯ ಪಂಪಾಪತಿ ಅಂದ್ರ ಕೇಳಾದೇ ಬ್ಯಾಡ. ಎರ್ರಿಸ್ವಾಮಿ ಅಂದ್ರ ಬಳ್ಳಾರಿ ಕಡೆಯವ್ರು, ಎರ್ರಿತಾತನ ಭಕ್ತರು. ರಾಯಚೂರಾಗ ರಾಘವೇಂದ್ರಗಳಂತೂ ಓಣಿಗೆ ನಾಕು ಮಂದಿ, ಹೊಳಿ ದಾಟಿದ್ರ ಮಂತ್ರಾಲಯನ ಅಲ್ಲ.

ಇದ್ರೊಳಗ ಅಶೋಕ ಅನ್ನೋ ಹೆಸರು ಒಂದೇ ಬ್ಯಾರೆ ಕುಂತದ. ಗುಡಿ ಇಲ್ಲ, ಮಠ ಇಲ್ಲ, ತೇರಿಲ್ಲ. ಜಾತಿನೂ ಹೇಳಂಗಿಲ್ಲ ಆ ಹೆಸರು, ಗೌಡರ ಮನ್ಯಾಗೂ ಅಶೋಕ, ನಾಯಕರಾಗೂ ಅಶೋಕ, ರೆಡ್ಡ್ಯಾರಾಗೂ, ಜೈನರಾಗೂ, ದಲಿತರ ಓಣ್ಯಾಗೂ ಅಶೋಕ. ಆದ್ರ ಎಲ್ಲಾ ಅಶೋಕರದೂ ವಯಸ್ಸು ಒಂದೇ ಥರ ನೋಡ್ರಿ. ಈಗ ಯಾವ ಊರಿಗೆ ಹೋದ್ರೂ ಸರ್ಕಲ್‌ನಾಗ ಎರಡು ನಮೂನಿ ಫ್ಲೆಕ್ಸ್ ಇರ್ತಾವ, ಒಂದು ಮಗುವಿನ ನಾಮಕರಣದ್ದು, ಇನ್ನೊಂದು ಸೇವಾ ನಿವೃತ್ತಿ ಬೀಳ್ಕೊಡುಗೆದ್ದು. ಅಶೋಕ ಸಿಗಾದು ಎರಡನೇದ್ರಾಗ ಮಾತ್ರ. ಶಾಲು, ಹಾರ, ಕೈಯಾಗ ಗೋಡೆ ಗಡಿಯಾರ, ಕೆಳಗ "ಶ್ರೀ ಅಶೋಕ ಅವರಿಗೆ ವಯೋನಿವೃತ್ತಿಯ ಶುಭಾಶಯಗಳು". ನಾಮಕರಣದ ಫ್ಲೆಕ್ಸಿನಾಗ ಅಶೋಕ ಅನ್ನೋ ಕೂಸಿನ್ನ ನಾನಂತೂ ಇತ್ತೀಚಿಗೆ ನೋಡಿಲ್ಲ.

ನಮ್ಮ ಕಾಕಾನೂ ಒಬ್ಬ ರಿಟೈರ್ಡ್ ಅಶೋಕನ. ಆದ್ರ ಅವರು ಹುಟ್ಟಾ ಅಶೋಕ ಅಲ್ಲ. ತೊಟ್ಟಲದಾಗ ಹಾಕಿ, ಸೋದರತ್ತಿ ಕಿವ್ಯಾಗ ಕುರ್ರ್ ಅಂದು, ಸುತ್ತ ಕುಂತ ಹೆಣ್ಮಕ್ಕಳು ಆಕಿ ಬೆನ್ನಿಗೆ ಗುದ್ದಿ ಗುದ್ದಿ ಗುಗ್ಗರಿ ಹಂಚಿ ಇಟ್ಟಿದ್ದ ಹೆಸರು ಹುಲಿಗೆಪ್ಪ. ಸಾಲಿಗೆ ಹಾಕಾಕ ಹೋದಾಗ ಮಾಸ್ತರು ಕೇಳಿದ್ರಂತ, ಈ ವರ್ಷ ಒಂದನೇ ಇಯತ್ತೆದಾಗ ಹುಲಿಗೆಪ್ಪ ಆಗ್ಲೇ ಮೂರು ಮಂದಿ ಆದ್ರು, ನಿನ್ನ ಮಗ್ಗ ಒಂದು ಚೊಲೋ ಹೆಸರು ಬರೀತೀನಿ ಅಂತ. ಅಜ್ಜ ಹ್ಞೂಂ ಅಂದ. ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಹೋಗಿ ಸ್ವಲ್ಪ ವರ್ಷ ಆಗಿತ್ತು, ಹಾಲಿ ಸಿಕ್ಕಾ ಅನ್ನೋ ಆತನ ರೊಕ್ಕ ಹೋಗಿ ಮೂರು ಸಿಂಹದ ರೂಪಾಯಿ ಕೈಗೆ ಬರಾಕ ಹತ್ತಿತ್ತು, ಮಾಸ್ತರಿಗೆ ಆ ಹೆಸರು ಹೊಳೀತೋ ಏನೋ. ಮನಿಗೆ ಬಂದು ಹೇಳಿದ್ರ ಅಜ್ಜಿ ಕೇಳಿದ್ದು ಒಂದೇ ಮಾತು, "ಅದ್ಯಾವ ದೇವ್ರ ಹೆಸರಪ್ಪಾ ಅದು?" ಆಕಿ ಸಾಯೋ ತನಕ ಒಂದು ದಿನಾನೂ ಅಶೋಕ ಅನ್ನಲಿಲ್ಲ.

ಈಗಿನ ಫಜೀತಿ ಏನಂದ್ರ, ಹೊಲದ ಪಹಣಿಯಾಗ ಹುಲಿಗೆಪ್ಪ, ಪೆನ್ಷನ್ ಬುಕ್ಕಿನಾಗ ಅಶೋಕ, ಆಧಾರ್‌ದಾಗ ಅಶೋಕ, ರೇಷನ್ ಕಾರ್ಡಿನಾಗ ಒಮ್ಮೆ ಅದು ಒಮ್ಮೆ ಇದು. ಬೆಳೆ ಪರಿಹಾರದ ದುಡ್ಡು ಬಂದಾಗೆಲ್ಲಾ ಕೌಂಟರ್‌ನಾಗ ಕುಂತಾತ ಹುಲಿಗೆಪ್ಪನ್ನ ಕರಕೊಂಡು ಬರ್ರಿ ಅಂತಾನ, ಕಾಕಾ ನಾನೇ ಅಂದ್ರ ಆಧಾರ್ ತೋರ್ಸ್ರಿ ಅಂತಾನ. ಕಡೀಗೆ ಬಾಂಡ್ ಪೇಪರ್ ತಂದು ನೋಟರಿ ಮುಂದ ಅಫಿಡವಿಟ್ ಮಾಡಿಸಿದ್ವಿ, ಇಬ್ಬರು ಸಾಕ್ಷಿ ಕರಕೊಂಡು ಹೋಗಿ, "ಹುಲಿಗೆಪ್ಪ ಉರ್ಫ್ ಅಶೋಕ ಎಂಬ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ ಇದ್ದು" ಅಂತ. ಕೆಳಗ ಸಹಿ, ಬಾಜೂಕ ಹೆಬ್ಬಟ್ಟು.

ಅವತ್ತು ನೋಟರಿ ಕಡೆಯಿಂದ ಬರಬೇಕಾದ್ರ ನನಗ ಮಸ್ಕಿ ನೆನಪಾತು. ಯಾಕಂದ್ರ ಚಕ್ರವರ್ತಿ ಅಶೋಕಂದೂ ಇದೇ ಕೇಸು. ಆತಂದೂ ಒಂದು ಅಫಿಡವಿಟ್ ಬೇಕಾಗಿತ್ತು, ಅದು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲಾದಾಗ.

ಹೆಂಗಂದ್ರ, 1837ರಾಗ ಕಲ್ಕತ್ತಾದಾಗ ಜೇಮ್ಸ್ ಪ್ರಿನ್ಸೆಪ್ ಅನ್ನೋ ಸಾಹೇಬ ಬ್ರಾಹ್ಮಿ ಲಿಪಿ ಓದಿಬಿಟ್ಟ. ಕಂಬದ ಮ್ಯಾಲ, ಬಂಡೆಗಲ್ಲಿನ ಮ್ಯಾಲ, ಎಲ್ಲಿ ಓದಿದ್ರೂ ರಾಜನ ಹೆಸರು "ದೇವಾನಂಪಿಯ ಪಿಯದಸಿ", ಅಂದ್ರ ದೇವರಿಗೆ ಬೇಕಾದಾತ, ಪ್ರೀತಿಯಿಂದ ನೋಡಾತ. ಇವೆಲ್ಲಾ ಬಿರುದು, ಹೆಸರು ಯಾವುದು? ಮೊದಲಿಗೆ ಪ್ರಿನ್ಸೆಪ್‌ಗೆ ಇದು ಸಿಂಹಳದ ರಾಜನ ಹೆಸರಿರಬೇಕು ಅನ್ನಿಸ್ತು, ಅಲ್ಲಿ ದೇವಾನಂಪಿಯ ತಿಸ್ಸ ಅಂತ ಒಬ್ಬಾತ ಇದ್ದ. ಅದೇ ವರ್ಷ ಸಿಂಹಳದಾಗ ಇದ್ದ ಜಾರ್ಜ್ ಟರ್ನರ್ ಅನ್ನಾತ ಪಾಳಿ ಗ್ರಂಥ ತಡಕಾಡಿ, ಪಿಯದಸಿ ಅಂದ್ರ ಚಂದ್ರಗುಪ್ತನ ಮೊಮ್ಮಗ ಅಶೋಕ ಅಂತ ಹೇಳಿದ. ಮಂದಿ ಒಪ್ಪಿಕೊಂಡ್ರು. ಆದ್ರ ಅದು ಪುಸ್ತಕದ ಮಾತಾತು, ರಾಜ ತಾನೇ ಕೆತ್ತಿಸಿದ ಕಲ್ಲಿನ್ಯಾಗ ಮಾತ್ರ ಎಲ್ಲೂ ಅಶೋಕ ಅಂತ ಇರಲೇ ಇಲ್ಲ, ಎಪ್ಪತ್ತೆಂಟು ವರ್ಷ ಹಂಗೇ ನಡೀತು.

1915ರಾಗ ಮಸ್ಕಿ ಗುಡ್ಡದಾಗ ಚಿನ್ನ ಹುಡುಕ್ತಿದ್ದ ಬೀಡನ್ ಅನ್ನೋ ಇಂಜಿನಿಯರ್‌ಗೆ ಒಂದು ಬಂಡಿ ಮ್ಯಾಲ ಅಕ್ಷರ ಕಂಡ್ವು. ಹಟ್ಟಿ ಚಿನ್ನದ ಗಣಿ ಅಲ್ಲಿಂದ ಏನು ದೂರ ಇಲ್ಲ, ಆ ಸೀಮಿನೇ ಅಂಥಾದ್ದು, ಹಳೇ ಕಾಲದಿಂದ ಬಂಗಾರಕ್ಕ ಅಗದಿದ್ದು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನ ಓದಿದ್ರು, ನಿಜಾಮ್ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯವರು ಅಚ್ಚು ಹಾಕಿಸಿದ್ರು. ಮೊದಲನೇ ಸಾಲಿನಾಗೇ "ದೇವಾನಂಪಿಯಸ ಅಸೋಕಸ". ಬಿರುದೂ ಹೆಸರೂ ಬಾಜೂ ಬಾಜೂಕ. ಮುಗೀತು, ದೇವಾನಂಪಿಯ ಉರ್ಫ್ ಅಸೋಕ.

ಇನ್ನೊಂದು ಮಾತು ನಮ್ಮ ಕಡೆಯವರೇ ಹೇಳಿಕೊಳ್ಳಂಗಿಲ್ಲ. ಆಮ್ಯಾಲೂ ಅಶೋಕ ಅನ್ನೋ ಹೆಸರು ಇರೋ ಶಾಸನ ಸಿಕ್ಕಿದ್ದು ಬಾಳ ಕಡಿಮಿ. ಒಂದು ಮಧ್ಯಪ್ರದೇಶದ ಗುಜರ್ರಾ. ಇನ್ನೆರಡು ಬಳ್ಳಾರಿ ಜಿಲ್ಲಾದ ನಿಟ್ಟೂರು ಮತ್ತ ಉದೇಗೊಳಂ, ನಿಟ್ಟೂರು ನಮ್ಮ ಸಿರುಗುಪ್ಪ ತಾಲೂಕಿನಾಗ ಹೊಳಿ ದಂಡಿ ಮ್ಯಾಲ ಅದ. ಅಂದ್ರ ಆತ ತನ್ನ ಹೆಸರು ಬಿಟ್ಟುಕೊಟ್ಟ ಬಂಡಿಗಳಾಗ ಹೆಚ್ಚಿನವು ರಾಯಚೂರು ಬಳ್ಳಾರಿ ನೆಲದಾಗೇ ಅವ. ಕೊಪ್ಪಳದಾಗ ಗವಿಮಠ ಮತ್ತ ಪಾಲ್ಕಿಗುಂಡಿನ ಮ್ಯಾಲೂ ಶಾಸನ ಅದಾವ, ಆದ್ರ ಅಲ್ಲಿ ಹೆಸರಿಲ್ಲ ಬಿರುದಷ್ಟೇ. ದಕ್ಷಿಣದಾಗ ಆತನ ಆಡಳಿತ ಸುವರ್ಣಗಿರಿಯಿಂದ ನಡೀತಿತ್ತು ಅಂತ ಬ್ರಹ್ಮಗಿರಿ ಶಾಸನದಿಂದ ಗೊತ್ತಾಗ್ತದ, ಆ ಸುವರ್ಣಗಿರಿ ನಮ್ಮ ಕನಕಗಿರಿನ ಅಂತ ಕೆಲವರು, ಇಲ್ಲ ಮಸ್ಕಿನ ಅಂತ ಕೆಲವರು. ಯಾವುದಾದ್ರೂ ಆಗ್ಲಿ, ಜಗಳ ನಮ್ಮ ನಮ್ಮೊಳಗೇ.

ಹೆಸರಿನ ಅರ್ಥ ಎಲ್ಲರಿಗೂ ಗೊತ್ತದ, ಶೋಕ ಇಲ್ಲದಾತ. ಅದರ ಕತಿ ಚೊಲೋ ಅದ. ಅಶೋಕಾವದಾನ ಅನ್ನೋ ಸಂಸ್ಕೃತ ಬೌದ್ಧಗ್ರಂಥದಾಗ ಬರ್ತದ, ಆತನ ತಾಯಿನ್ನ ಉಳಿದ ರಾಣಿಯರು ರಾಜನ ಹತ್ತಿರ ಬಿಟ್ಟಗೊಡ್ತಿರಲಿಲ್ಲಂತ, ಮಗ ಹುಟ್ಟಿದ ಮ್ಯಾಲ ಆಕಿ "ನನಗಿನ್ನ ದುಃಖ ಇಲ್ಲ" ಅಂದ್ಲು, ಅದೇ ಹೆಸರಾತು. ತಮ್ಮ ಹುಟ್ಟಿದಾಗ ವೀತಶೋಕ, ದುಃಖ ಹೋತು ಅಂತ. ಅಂದ್ರ ಶೋಕ ಇಲ್ಲದಾಕಿ ತಾಯಿ, ಹೆಸರು ಮಾತ್ರ ಮಗಂದು. ನಮ್ಮ ಕಡೆ ಸಾಲಾಗಿ ಹೆಣ್ಣು ಹುಟ್ಟಿದ್ರ ಸಾಕವ್ವ ಅಂತ ಇಡ್ತಿದ್ರಲ್ಲ, ಕೂಸಿನ ಹೆಸರಿನಾಗ ಹಡದವ್ರ ಮನಸ್ಸು ಹಾಕಾದು ಎಲ್ಲಾ ಕಾಲಕ್ಕೂ ಇದ್ದದ್ದೇ.

ಮತ್ತ ಈ ಹೆಸರು ಬೌದ್ಧರದೇ ಅಂತ ತಿಳಿಬ್ಯಾಡ್ರಿ. ವಾಲ್ಮೀಕಿ ರಾಮಾಯಣದಾಗ ದಶರಥನ ಎಂಟು ಮಂದಿ ಮಂತ್ರಿಗಳೊಳಗ ಸುಮಂತ್ರನ ಜೋಡಿ ಒಬ್ಬ ಅಶೋಕ ಇದ್ದಾನ. ವಿಷ್ಣು ಸಹಸ್ರನಾಮದಾಗ "ಅಶೋಕಸ್ತಾರಣಸ್ತಾರಃ" ಅಂತ ಬರ್ತದ, ರಾಯಚೂರಾಗ ದಿನಾ ಮುಂಜಾನಿ ಎಷ್ಟು ಮನ್ಯಾಗ ಅದನ್ನ ಓದ್ತಾರೋ. ನಮ್ಮ ಅಜ್ಜಿ ಯಾವ ದೇವ್ರ ಹೆಸರು ಅಂತ ಕೇಳಿದ್ಲಲ್ಲ, ಅದಕ್ಕ ಉತ್ತರ ಇತ್ತು, ಹೇಳೋರು ಇರಲಿಲ್ಲ. ಇನ್ನ ಅಶೋಕವನ ಎಲ್ಲರಿಗೂ ಗೊತ್ತದ್ದೇ, ಅಂಜನಾದ್ರಿ ಹುಡುಗ ಹೋಗಿ ಹಾಳುಮಾಡಿ ಬಂದ ತ್ವಾಟ. (ಸಾಲಿ ಕಾಂಪೌಂಡಿಗೆ ಉದ್ದಕ ಹಚ್ಚಿರ್ತಾರಲ್ಲ ಅದು ಖರೇ ಅಶೋಕ ಅಲ್ಲರೀ. ಖರೇದು ಗುತ್ತಿಗುತ್ತಿಯಾಗಿ ಕೇಸರಿ ಕೆಂಪು ಹೂ ಬಿಡ್ತದ. ಸುಂದ್ರಿ ಕಾಲಿಲೆ ಒದ್ದ್ರ ಹೂ ಬಿಡ್ತದ ಅಂತ ಸಂಸ್ಕೃತ ಕವಿಗಳು ಬರದಿದ್ದು ಅದಕ್ಕ.)

ಇಷ್ಟೆಲ್ಲಾ ಇದ್ರೂ ನಮ್ಮ ಮನಿತನದಾಗ ಕಾಕಾನ ಹಿಂದ ಒಬ್ಬ ಅಶೋಕನೂ ಇಲ್ಲ. ನನ್ನ ಲೆಕ್ಕ ಏನಂದ್ರ, ಬಾಳ ಹಳೇದು ಅನ್ನಿಸಿದ್ರೂ ನಮ್ಮ ಮಂದಿಗೆ ಇದು ಹೊಸಾ ಹೆಸರು, ಗುಡಿಯಿಂದ ಬಂದದ್ದಲ್ಲ, ಸಾಲಿ ಪುಸ್ತಕದಿಂದ ಬಂದದ್ದು. 1947 ಜುಲೈದಾಗ ಧ್ವಜದ ನಡುವ ಚಕ್ರ ಕುಂತ್ತು, 1950 ಜನವರಿ 26ಕ್ಕ ಸಾರನಾಥದ ಸಿಂಹ ರಾಷ್ಟ್ರಲಾಂಛನ ಆತು, ಆಮ್ಯಾಲ ನಾಣ್ಯ, ನೋಟು, ಛಾಪಾ ಕಾಗದ, ಎಲ್ಲಾದ್ರ ಮ್ಯಾಲೂ ಆತನ ಗುರುತು. ಸಿನಿಮಾದಾಗ ಅಶೋಕ್ ಕುಮಾರ್ ಮೊದಲೇ ದೊಡ್ಡ ಹೀರೋ, ಆತನ ಹುಟ್ಟು ಹೆಸರು ಕುಮುದಲಾಲ್ ಗಂಗೂಲಿ, ಅಂದ್ರ ಆತಂದೂ ಉರ್ಫೇ! 1948ರಾಗ ರಘುನಂದನ್ ಸರನ್ ಅನ್ನೋರು ಮಗನ ಹೆಸರಿಲೆ ಅಶೋಕ್ ಮೋಟರ್ಸ್ ಅಂತ ಕಂಪನಿ ಶುರು ಮಾಡಿದ್ರು, ಅದು ಆಮ್ಯಾಲ ಅಶೋಕ್ ಲೇಲ್ಯಾಂಡ್ ಆತು, ಸಂಡೂರು ಬಳ್ಳಾರಿ ರೋಡಿನಾಗ ಅದಿರು ಲಾರಿ ಹಿಂದ ಕೆಂಪು ಧೂಳು ಕುಡಕೊಂತ ಹೋದೋರಿಗೆ ಆ ಹೆಸರು ಬಾಯಿಪಾಠ ಇರ್ತದ. 1956ರಾಗ ಬಾಬಾಸಾಹೇಬ್ ಅಂಬೇಡ್ಕರ್ ನಾಗಪುರದಾಗ ಧಮ್ಮ ತಗೊಂಡಿದ್ದು ಅಶೋಕ ವಿಜಯದಶಮಿ ದಿನ, ಅಲ್ಲಿಂದ ಆ ಹೆಸರಿಗೆ ಇನ್ನೊಂದು ತೂಕ ಬಂತು. ಹೆಣ್ಮಕ್ಕಳಿಗೆ ಪ್ರಿಯದರ್ಶಿನಿ ಅಂತ ಇಡ್ತಾರಲ್ಲ, ಅದೂ ಆ ಪಿಯದಸಿ ಬಿರುದೇ, ನೆಹರೂ ಮಗಳ ಹೆಸರಿನಿಂದ ಮನಿಮನಿಗೆ ಬಂದದ್ದು. ಜಾತ್ರಿ ಹೆಸರಿನ ಊರಾಗ ಜಾತಿ ಹೇಳದ ಒಂದು ಹೆಸರು ಆ ಮಾಸ್ತರುಗಳಿಗೆ ಬೇಕಾಗಿತ್ತು ಅಂತ ಕಾಣ್ತದ, ನನಗಂತೂ ಅವರ ಮ್ಯಾಲ ಬಾಳ ಗೌರವ.

ಕಾಕಾನ್ನ ಒಮ್ಮೆ ಮಸ್ಕಿಗೆ ಕರಕೊಂಡು ಹೋದೆ, ನಿಮ್ಮ ಹೆಸರು ತೋರಿಸ್ತೀನಿ ಬರ್ರಿ ಅಂತ. ಬಿಸಿಲು ಏರೋದ್ರಾಗ ಹೋಗಬೇಕು, ಇಲ್ಲಾಂದ್ರ ಆ ಬಂಡಿ ಕಾದು ಕೈ ಇಡಾಕ ಆಗಂಗಿಲ್ಲ. ಪುರಾತತ್ವ ಇಲಾಖೆ ನೀಲಿ ಬೋರ್ಡ್, ಅದರ ಆಚೆ ಬಂಡಿ. ಅಕ್ಷರ ಅಲ್ಲಲ್ಲಿ ಸವದಾವ, ಕೆಲವು ಕಡೆ ಕಲ್ಲೇ ಚಕ್ಕಿ ಎದ್ದಾದ, ಮೊದಲು ಬರೇ ಗೀರು ಕಂಡಂಗ ಕಾಣ್ತದ. ಸ್ವಲ್ಪ ಹೊತ್ತು ನಿಂತು ಓರೆಯಾಗಿ ನೋಡಿದ್ರ ಕಣ್ಣಿಗೆ ಕೂಡಾಕ ಹತ್ತುತಾವ. ಬ್ರಾಹ್ಮಿದಾಗ ಕ ಅಕ್ಷರ ಅಂದ್ರ ಬರೇ ಅಧಿಕ ಚಿಹ್ನೆ, ಕೂಡಿಸೋ ಲೆಕ್ಕದ ಪ್ಲಸ್ಸು, ಅದನ್ನ ಹಿಡಕೊಂಡು ಫೋನಿನಾಗಿನ ಫೋಟೋಕ್ಕ ತಾಳಿ ಹಾಕಿ ಅ, ಸೋ, ಕ, ಸ ಅಂತ ಕಾಕಾಗ ತೋರಿಸಿದೆ. ಕಾಕಾ ಕನ್ನಡಕ ಒರಸಿಕೊಂಡು ನೋಡಿ ಅಂದ್ರು, "ಇಲ್ಲಿ ಅಸೋಕ ಅಂತ ಐತೆನಲೇ?"

ಹೌದು, ಅಸೋಕ ಅಂತನ ಐತಿ. ಕಾಕಾ ಸಾಲ್ಯಾಗ ಹೆಸರು ಅಸೋಕ ಅಂದಾಗೆಲ್ಲಾ ಬೆತ್ತದ ಏಟು ತಿಂದಾರ, ಶ ಅನ್ನು ಶ ಅನ್ನು ಅಂತ. ನಮ್ಮ ಊರಾಗ ಯಾರಿಗೂ ಆ ಶ ಹೊಳ್ಳಂಗಿಲ್ಲ, ಈಗ್ಲೂ ಕಟ್ಟಿ ಮ್ಯಾಲ ಕುಂತೋರು "ಅಸೋಕಾ ಬಾರೋ" ಅಂತನೇ ಕರೀತಾರ. ಆದ್ರ ಚಕ್ರವರ್ತಿ ಬರೆಸಿದ್ದು ಸಂಸ್ಕೃತದಾಗ ಅಲ್ಲ, ಮಂದಿ ಆಡೋ ಪ್ರಾಕೃತದಾಗ, ಅದ್ರಾಗ ಇರಾದು ಸ. ಕಾಕಾ ಅವತ್ತು ಇಡೀ ಊಟದ ಖಾನಾವಳಿಗೆ ಕೇಳಂಗ ಅದನ್ನೇ ಹೇಳಿದ್ರು, ಮಾಸ್ತರು ಬದುಕಿದ್ರ ಕರಕೊಂಡು ಬಂದು ತೋರಿಸ್ತಿದ್ದೆ ಅಂತ. ಅದೇ ಬಂಡಿ ಮ್ಯಾಲ ಇನ್ನೊಂದು ಮಾತೂ ಅದ, ಧರ್ಮ ಅನ್ನೋದು ದೊಡ್ಡೋರಿಗೆ ಮಾತ್ರ ಸಿಗ್ತದ ಅಂತ ತಿಳೀಬ್ಯಾಡ್ರಿ, ಸಣ್ಣಾತಗೂ ಸಿಗ್ತದ ಅಂತ. ಕಾಕಾ ಅದಕ್ಕ ಅಷ್ಟು ತಲಿ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಸ ಗೆದ್ದದ್ದೇ ಖುಷಿ.

ಮೊನ್ನೆ ಕಾಕಾನ ಮೊಮ್ಮಗಂದು ತೊಟ್ಟಲ ಕಾರ್ಯ ಇತ್ತು. ಹೆಸರು ಏನಿಡೋಣ ಅಂತ ವಾಟ್ಸ್ಯಾಪ್ ಗ್ರೂಪಿನಾಗ ವಾರಗಟ್ಲೆ ನಡೀತು. ನಾನು ಅಜ್ಜನ ಹೆಸರು ಇಡ್ರಿ ಅಂದೆ, ಅಶೋಕ ಅಂದಕೂಡ್ಲೇ ಹುಡುಗ್ರು ನಗೋ ಇಮೋಜಿ ಹಾಕಿದ್ರು, ಅದು ಪೆನ್ಷನ್‌ದಾರರ ಹೆಸರಂತ. ವೈನಿ ಬ್ಯಾಡ ಅಂದಿದ್ದಕ್ಕ ಕಾರಣ ಬ್ಯಾರೆ, ಮಾವನ ಹೆಸರು ಹಿಡಿದು ಕೂಸಿನ್ನ ಬೈಯೋದ್ಹೆಂಗ ಅಂತ, ಅದು ಖರೇ ಮಾತು, ಅಜ್ಜನ ಹೆಸರು ಇಟ್ಟ ಮನ್ಯಾಗೆಲ್ಲಾ ಕೂಸಿನ್ನ ದೊಡ್ಡಪ್ಪ, ತಾತ, ಯಜಮಾನ ಅಂತ ಕರೀತಾರ ಹೊರತು ಹೆಸರು ಬಳಕಿ ಆಗಂಗಿಲ್ಲ. ಕಡೀಗೆ ಆರವ್ ಅಂತ ಇಟ್ರು. ಅದೂ ಸಂಸ್ಕೃತನ. ಮೊಬೈಲ್‌ನಾಗ ಅರ್ಥ "ಶಾಂತ" ಅಂತ ಬಂತಂತ, ಅದಕ್ಕ ಎಲ್ಲರೂ ಒಪ್ಪಿದ್ರು. ನಾನು ನಿಘಂಟು ತೆಗೆದು ನೋಡಿದೆ, ಆರವ ಅಂದ್ರ ಸದ್ದು, ಗದ್ದಲ, ಕೂಗು. ಹೇಳಲೋ ಬ್ಯಾಡೋ ಅಂತ ಸುಮ್ನಿದ್ದೆ, ಆಮ್ಯಾಲ ಕಾಕಾಗ ಮಾತ್ರ ಹೇಳಿದೆ. ಕಾಕಾ ಬಿದ್ದು ಬಿದ್ದು ನಕ್ಕು, "ರಾತ್ರಿ ಎರಡರ ತನಕ ಇಡೀ ಓಣಿ ಎಬ್ಬಿಸಿ ಕುಂದ್ರಸ್ತದಲೇ ಅದು, ಹೆಸರು ಬರೋಬ್ಬರಿ ಬಿತ್ತು ಬಿಡು" ಅಂದ್ರು.